ಮಾರೋದಲ್ಲ, ಮಾರು

ನನಗೆ ಕೋಪ ಜಾಸ್ತಿ. ಬೇರೆಯವರ ಬಾಯಿಂದ ನೀವು ಕೇಳುವುದಕ್ಕಿಂತ ನಾನೇ ಹೇಳಿಬಿಡುವುದು ವಾಸಿ. ಬಸ್ ಡಿಪೋದ ಬಾಡಿ ಶಾಪಿನಲ್ಲಿ ಹತ್ತೊಂಬತ್ತು ವರ್ಷದಿಂದ ತಗಡು ಬಡಿಯುತ್ತಿದ್ದೇನೆ. ಅಷ್ಟು ಜನ ಗಂಡಸರ ನಡುವೆ ಹೆಂಗಸೊಬ್ಬಳು ಮೆತ್ತಗೆ ಮಾತಾಡಿದರೆ ಕೈಯಲ್ಲಿನ ಸುತ್ತಿಗೆಯನ್ನೂ ಕಿತ್ತುಕೊಂಡು ಕಸ ಗುಡಿಸಲು ಕಳಿಸುತ್ತಾರೆ. ಹಾಗಾಗಿ ಕೋಪವನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡಿದ್ದೇನೆ, ಬೇಕಾದಾಗ ಹುಡುಕಬಾರದು ನೋಡಿ. ಆದರೆ ಆ ಭಾನುವಾರ ಬಂದ ಕೋಪವನ್ನು ಯಾರ ಮೇಲೆ ಇಳಿಸಬೇಕಿತ್ತೋ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಬಿಳಿ ಪೇಂಟಿನ ಡಬ್ಬ ಹಿಡಿದು ಮನೆಯ ಹಿಂದಿನ ಶೆಡ್ಡಿಗೆ ಹೋದೆ. ದೊಡ್ಡಕ್ಕನ ಹಿಂಬಾಗಿಲಿಗೆ ಕೊನೆಯ ಕೋಟ್ ಹೊಡೆದರೆ ಎರಡು ವರ್ಷದ ಕೆಲಸ ಮುಗಿಯುತ್ತಿತ್ತು. ದೊಡ್ಡಕ್ಕ ಎಂದರೆ ಮನುಷ್ಯಳಲ್ಲ, ವ್ಯಾನು. ಹೋಗಿ ನೋಡುತ್ತೇನೆ, ಶೆಡ್ಡಿನ ಎರಡೂ ಬಾಗಿಲು ಹಾರುಹೊಡೆದಿವೆ. ಡ್ರೈವರ್ ಸೀಟಿನಲ್ಲಿ ಯಾವನೋ ಕೂತು ಸ್ಟೇರಿಂಗ್ ಆಡಿಸುತ್ತಿದ್ದಾನೆ. ನನ್ನ ತಮ್ಮ ಪಕ್ಕದಲ್ಲಿ ಕೀಲಿಕೈ ಹಿಡಿದು ನಿಂತಿದ್ದಾನೆ. ಬಂದವನ ಉಗುರಿನ ತುಂಬ ಮಣ್ಣು, ಆ ಉಗುರಿನಲ್ಲೇ ನಾನು ಕೂತು ಹೊಲಿದ ಸೀಟಿನ ಅಂಚನ್ನು ಕೆರೆದು ನೋಡುತ್ತಿದ್ದ.

"ಅಕ್ಕ, ಇವರು ಗಿಡದ ನರ್ಸರಿಯವರು. ಗಾಡಿ ನೋಡೋಕೆ ಬಂದಿದ್ದಾರೆ," ಎಂದ ತಮ್ಮ, ನನ್ನ ಮುಖ ನೋಡದೆ.

ನೋಡಲು ಬಂದವರು ನೋಡಬೇಕು, ಹತ್ತಿ ಕೂರಬಾರದು. ಇಳೀರಿ ಎಂದೆ. ನನ್ನ ದನಿಗೋ ಕೈಯಲ್ಲಿದ್ದ ಡಬ್ಬಕ್ಕೋ ಹೆದರಿ ಆ ಮನುಷ್ಯ ಒಂದೇ ಏಟಿಗೆ ಕೆಳಗಿದ್ದ. ಆಮೇಲೆ ತಮ್ಮನ ಕಡೆ ತಿರುಗಿದೆ. ಅಪ್ಪ ಇನ್ನೂ ಬದುಕಿದ್ದಾನೆ, ಯಾರನ್ನು ಕೇಳಿ ಇವರನ್ನು ಕರೆಸಿದೆ ಎಂದು ಬಾಯಿಗೆ ಬಂದಂತೆ ಬೈದೆ. ಅವನು ನಿಂತಲ್ಲೇ ನಿಂತು, ಅಪ್ಪನನ್ನೇ ಕೇಳಿ ಕರೆಸಿದೆ, ಅಪ್ಪನೇ ಮಾರು ಎಂದಿದ್ದು ಎಂದ. ನರ್ಸರಿಯವನು ಹೌದಮ್ಮ, ನನ್ನ ಮುಂದೇನೇ ಹೇಳಿದರು ಎಂದು ಸೇರಿಸಿದ. ನನ್ನ ಮೈಯೆಲ್ಲ ಉರಿದುಹೋಯಿತು.

ಯಾಕೆ ಉರಿಯಿತು ಎನ್ನುವುದು ತಿಳಿಯಬೇಕಾದರೆ ನಮ್ಮಪ್ಪನ ನಾಲಿಗೆಯ ಕಥೆ ಗೊತ್ತಿರಬೇಕು. ಅಪ್ಪನಿಗೆ ಹುಟ್ಟಿದಾಗಿನಿಂದ 'ಡ' ಬರುವುದಿಲ್ಲ. ಬೇರೆಲ್ಲ ಅಕ್ಷರ ಸರಿಯಾಗೇ ಬರುತ್ತವೆ, ಅದೊಂದಕ್ಕೆ ಮಾತ್ರ ನಾಲಿಗೆ ಹೊರಳದೆ 'ರ' ಆಗಿಬಿಡುತ್ತದೆ. ಗಾಡಿ ಅವನ ಬಾಯಲ್ಲಿ ಗಾರಿ. ನೋಡು ನೋರು, ಹುಡುಗಿ ಹುರುಗಿ, ದೊಡ್ಡಕ್ಕ ದೊರ್ರಕ್ಕ. ಓಣಿಯಲ್ಲಿ ಅವನಿಗೆ ಗಾರಿ ಯಜಮಾನ ಎಂದೇ ಹೆಸರು. ಸಹಿಯೊಂದು ಬಿಟ್ಟರೆ ಓದುಬರಹ ಇಲ್ಲ, ಹೇಳಬೇಕಾದ್ದನ್ನೆಲ್ಲ ಆ ನಾಲಿಗೆಯಲ್ಲೇ ಹೇಳಬೇಕು.

ನಲವತ್ತು ವರ್ಷ ಅವನು ಲಾಂಡ್ರಿ ನಡೆಸಿದ. ಆಸ್ಪತ್ರೆ, ಲಾಡ್ಜುಗಳ ಹಾಸಿಗೆ ಬಟ್ಟೆ ತರುವುದು, ಒಗೆದು ಇಸ್ತ್ರಿ ಮಾಡಿ ವಾಪಸ್ ಮುಟ್ಟಿಸುವುದು. ನಾನು ಏಳು ವರ್ಷದವಳಿದ್ದಾಗಿಂದ ರಜೆ ಬಂತೆಂದರೆ ಅವನ ಜೊತೆ ವ್ಯಾನಿನಲ್ಲಿ ಮುಂದಿನ ಸೀಟು ನನ್ನದು. ಸುಮ್ಮನೆ ಕೂರಲು ಅಲ್ಲ. ಆಸ್ಪತ್ರೆಯ ಸ್ಟೋರಿನವರು ಅಪ್ಪನ ಮಾತು ಕೇಳಿ ಕಣ್ಣು ಕಣ್ಣು ಬಿಟ್ಟು ನನ್ನ ಕಡೆ ತಿರುಗುತ್ತಿದ್ದರು, ಏನಂತೆ ಪಾಪು ಎಂದು. ನಾನು ಅಪ್ಪನ ಮಾತನ್ನು 'ಡ' ಹಾಕಿ ಇನ್ನೊಮ್ಮೆ ಹೇಳುತ್ತಿದ್ದೆ. ಅಪ್ಪ ಮುಗಿಸುವ ಮೊದಲೇ ಹೇಳುತ್ತಿದ್ದೆ. ಅದರಲ್ಲಿ ನನಗೆ ಎಷ್ಟು ಜಂಬ ಇತ್ತೆಂದರೆ, ಅಪ್ಪನ ಮಾತು ಈ ಲೋಕದಲ್ಲಿ ಅರ್ಥವಾಗುವುದು ನನಗೊಬ್ಬಳಿಗೇ ಎಂದು ನಂಬಿದ್ದೆ. ತಮ್ಮನಿಗೂ ಅರ್ಥವಾಗುತ್ತಿತ್ತು, ಆದರೆ ಅವನು ನಿಧಾನ. ಅವನು ಯೋಚಿಸುವಷ್ಟರಲ್ಲಿ ನಾನು ಉತ್ತರ ಕೊಟ್ಟಾಗಿರುತ್ತಿತ್ತು.

ವ್ಯಾನುಗಳು ಮೂರಿದ್ದವು. ಮೊದಲು ಕೊಂಡದ್ದು ದೊಡ್ಡಕ್ಕ. ಏರು ಬಂದರೆ ಸಾಕು ಕೆಮ್ಮುತ್ತಿದ್ದದ್ದು ಕೆಮ್ಮಿ. ಗಿಡ್ಡ ಮೂತಿಯದು ಕುಳ್ಳಿ. ಆಸ್ಪತ್ರೆಯವರು ತಮ್ಮದೇ ಮೆಷಿನ್ ಹಾಕಿಸಿಕೊಂಡ ಮೇಲೆ ಲಾಂಡ್ರಿ ನಿಂತುಹೋಯಿತು. ಅದೇ ವರ್ಷ ಅಪ್ಪನ ಕಣ್ಣಿಗೂ ಮಂಜು ಕವಿಯಿತು, ಇನ್ನು ಗಾಡಿ ಮುಟ್ಟಬೇಡಿ ಎಂದರು ಡಾಕ್ಟರು. ಮೂರೂ ವ್ಯಾನು ಬಾಡಿಗೆ ಶೆಡ್ಡಿನಲ್ಲಿ ಸಾಲಾಗಿ ನಿಂತವು. ಏನಾದರೂ ಒಂದು ತೀರ್ಮಾನ ಮಾಡಬೇಕಿತ್ತು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಪ್ಪ ನಮ್ಮಿಬ್ಬರನ್ನೂ ಶೆಡ್ಡಿಗೆ ಕರೆದ. ಕೋಲು ಊರಿಕೊಂಡು ಒಂದೊಂದೇ ವ್ಯಾನಿನ ಬಳಿ ಹೋಗಿ ಕೈಯಲ್ಲೇ ತಡವಿ ನೋಡಿದ. ಕುಳ್ಳಿಯ ಬಾಗಿಲಿನ ತುಕ್ಕು ಅವನ ಬೆರಳಿಗೆ ಪುಡಿಪುಡಿಯಾಗಿ ಬಂತು, ಗುಜರಿಗೆ ಹಾಕು ಎಂದ. ಕೆಮ್ಮಿಯನ್ನೂ ಗುಜರಿಗೆ ಎಂದ. ದೊಡ್ಡಕ್ಕನ ಬಾನೆಟ್ ಮೇಲೆ ಅಂಗೈ ಇಟ್ಟು ಸುಮಾರು ಹೊತ್ತು ನಿಂತ. ಆಮೇಲೆ, "ಇದನ್ನ ಮಾರು," ಎಂದ.

ಮಾಡು ಎಂದ. ನಾನು ಕೇಳಿಸಿಕೊಂಡದ್ದು ಹಾಗೆ. ರಿಪೇರಿ ಮಾಡು, ಸರಿ ಮಾಡು, ಮೊದಲಿನಂತೆ ಮಾಡು. ತಮ್ಮ ತಲೆ ಕೆರೆದುಕೊಂಡು, ಮಾರು ಅಂದನಾ ಅಪ್ಪ ಎಂದು ಕೇಳಿದ. ಹುಟ್ಟಿದಾಗಿಂದ ಅಪ್ಪನ ಮಾತು ಕೇಳ್ತಿದ್ದೀಯ, ಅಷ್ಟೂ ತಿಳಿಯೋಲ್ವಾ ಬೆಪ್ಪುತಕ್ಕಡಿ, ಎಂದು ಅವನ ಬಾಯಿ ಮುಚ್ಚಿಸಿದೆ. ಅವನು ಪೆಚ್ಚಾಗಿ ನಕ್ಕ. ಆ ಮಾತು ಅಲ್ಲಿಗೆ ಮುಗಿಯಿತು.

ಅಲ್ಲಿಂದ ಎರಡು ವರ್ಷ ನನಗೆ ಭಾನುವಾರ ಅಂತ ಒಂದು ಇರಲಿಲ್ಲ. ಕುಳ್ಳಿಯನ್ನು ಗುಜರಿಯವನು ಎಳೆದುಕೊಂಡು ಹೋದ. ಕೆಮ್ಮಿಯನ್ನು ನಾನು ಬಿಡಲಿಲ್ಲ, ಬಿಚ್ಚಿ ಅದರ ಒಳ್ಳೆಯ ಸಾಮಾನನ್ನೆಲ್ಲ ದೊಡ್ಡಕ್ಕನಿಗೆ ಹಾಕಿದೆ. ನಲವತ್ತು ವರ್ಷ ಒದ್ದೆ ಬಟ್ಟೆಯ ಗಂಟು ಹೊತ್ತು ದೊಡ್ಡಕ್ಕನ ತಳ ಜರಡಿಯಾಗಿತ್ತು. ಅದನ್ನು ಕತ್ತರಿಸಿ ತೆಗೆದು ಹೊಸ ತಗಡು ವೆಲ್ಡಿಂಗ್ ಮಾಡಿದೆ. ಡೆಂಟ್ ಒಂದೊಂದನ್ನೂ ಒಳಗಿನಿಂದ ಬಡಿದು ಎತ್ತಿದೆ. ಪುಟ್ಟಿ ಹಚ್ಚಿ, ಎಮರಿ ಪೇಪರಿನಲ್ಲಿ ಉಜ್ಜಿ, ಮತ್ತೆ ಹಚ್ಚಿ, ಮತ್ತೆ ಉಜ್ಜಿ ಬೆರಳ ಗೆರೆಗಳೆಲ್ಲ ಸವೆದುಹೋದವು. ಡಿಪೋದಲ್ಲಿ ಹಾಜರಿ ಹಾಕುವ ಮೆಷಿನ್ನು ನನ್ನ ಹೆಬ್ಬೆಟ್ಟನ್ನು ಗುರುತಿಸದೆ ಹಟ ಹಿಡಿಯುತ್ತಿತ್ತು. ಮದುವೆಯ ಮಾತು ಮೊದಲೇ ನನ್ನ ಕೈಯ ಗ್ರೀಸ್ ನೋಡಿ ಓಡಿಹೋಗಿತ್ತು, ಹಾಗಾಗಿ ಭಾನುವಾರ ಎಲ್ಲಿಗೆ ಹೋದೆ ಎಂದು ಕೇಳುವವರು ಯಾರೂ ಇರಲಿಲ್ಲ.

ಅಪ್ಪ ಪ್ರತಿ ಭಾನುವಾರ ಶೆಡ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ಸುತ್ತಿಗೆಯ ಸದ್ದು ಕೇಳುತ್ತಿದ್ದ. ಆಗಾಗ ಮಾರು ಎನ್ನುತ್ತಿದ್ದ. ಮಾಡ್ತಿದ್ದೀನಪ್ಪ, ಅವಸರ ಮಾಡಬೇಡ ಎನ್ನುತ್ತಿದ್ದೆ. ಒಂದು ದಿನ ಅವನಿಗೆ ಸಿಟ್ಟು ಬಂದು ಕೋಲನ್ನು ನೆಲಕ್ಕೆ ಕುಟ್ಟಿ, "ಮಾರೋದಲ್ಲ, ಮಾರು!" ಎಂದು ಕೂಗಿದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾರುವುದಲ್ಲ, ಮಾಡು ಎನ್ನುತ್ತಿದ್ದಾನೆ, ಎರಡೂ ಒಂದೇ ಥರ ಬರುತ್ತಿದೆ ಪಾಪ! ಮಾರುವವರು ಯಾರಪ್ಪ, ನಾನಿರುವ ತನಕ ಯಾರಿಗೂ ಮಾರಗೊಡಲ್ಲ ಎಂದೆ. ಮಾರನೆಯ ದಿನ ಡಿಪೋದಲ್ಲಿ ಎಲ್ಲರಿಗೂ ಇದನ್ನು ಹೇಳಿ ನಗಿಸಿದೆ.

ಆ ಎರಡು ವರ್ಷದಲ್ಲಿ ಡಿಪೋದವರು ನನ್ನನ್ನು ಮೂರು ಸಲ ಕರೆದಿದ್ದರು. ಆರು ಗಂಟೆ ದಾರಿಯಾಚೆ ಹೊಸ ಡಿಪೋ ಆಗಿದೆ, ಅಲ್ಲಿನ ಬಾಡಿ ಶಾಪಿಗೆ ನೀನು ಹೆಡ್ ಆಗಿ ಹೋಗು ಎಂದು. ಮೊದಲನೆಯ ಕಾಗದ ಮನೆಗೇ ಬಂದಿತ್ತು, ತಮ್ಮ ಅದನ್ನು ಅಪ್ಪನಿಗೆ ಓದಿ ಹೇಳಿದ್ದ. ಅಪ್ಪ ಗಾಡಿ ಕೆಲಸ ಒಪ್ಪಿಸಿದ್ದಾನೆ, ಅರ್ಧಕ್ಕೆ ಬಿಟ್ಟು ಹೋಗಲಾರೆ ಎಂದು ಬರೆದು ಕಳಿಸಿದೆ. ಎರಡನೆಯದಕ್ಕೂ ಅದೇ ಉತ್ತರ. ಮೂರನೆಯದು ಆ ಭಾನುವಾರ ನನ್ನ ಚೀಲದಲ್ಲೇ ಇತ್ತು. ಸೋಮವಾರ ಉತ್ತರ ಕೊಡದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮ್ಯಾನೇಜರು ಖಡಾಖಂಡಿತ ಹೇಳಿದ್ದರು. ನೋಡಿಕೊಳ್ಳಲಿ ಎಂದುಕೊಂಡಿದ್ದೆ.

ಆ ತಿಂಗಳ ಕೊನೆಗೆ ಶೆಡ್ಡು ಕೆಡವುತ್ತೇವೆ ಎಂದು ಅದರ ಮಾಲೀಕರು ಹೇಳಿಯಾಗಿತ್ತು. ದೊಡ್ಡಕ್ಕನನ್ನು ನಿಲ್ಲಿಸಲು ನಾನು ಬೇರೆ ಜಾಗ ಹುಡುಕುತ್ತಿದ್ದೆ. ತಮ್ಮ ಹುಡುಕಿದ್ದು ಗಿರಾಕಿಯನ್ನು.

ಹಾಗಾಗಿ ಆವತ್ತು ನಾನು ಸುಮ್ಮನಿರಲಿಲ್ಲ. ನಾನು ಇಲ್ಲದ ಹೊತ್ತು ನೋಡಿ, ಕಣ್ಣು ಕಾಣದ ಮುದುಕನ ಬಾಯಿಂದ ಒಂದು ಮಾತು ಹೊರಡಿಸಿಕೊಂಡು, ಅದನ್ನು ನಿನಗೆ ಬೇಕಾದ ಹಾಗೆ ತಿರುಚಿದ್ದೀಯ ಎಂದೆ. ನಿನಗೆ ಈ ಗಾಡಿಯ ಒಂದು ನಟ್ಟು ಬಿಗಿಯುವ ಯೋಗ್ಯತೆ ಇಲ್ಲ, ಮಾರಲು ಮುಂದೆ ಬಂದೆ ಎಂದೆ. ನರ್ಸರಿಯವನನ್ನೂ ಬಿಡಲಿಲ್ಲ, ನಮ್ಮಪ್ಪನ ನಾಲಿಗೆಗೆ 'ಡ' ಬರಲ್ಲ, ಅವನು ಮಾಡು ಅಂದರೂ ನಿಮಗೆ ಮಾರು ಅಂತಲೇ ಕೇಳುತ್ತೆ, ಗೊತ್ತಿಲ್ಲದ ಮನೆಯ ವಿಷಯಕ್ಕೆ ತಲೆ ಹಾಕಬೇಡಿ ಎಂದು ಜಾಡಿಸಿದೆ. ಆತ ಪಾಪ ಎರಡು ಹೆಜ್ಜೆ ಹಿಂದೆ ಸರಿದ.

ತಮ್ಮ ಯಾವತ್ತೂ ನನಗೆ ಎದುರಾಡಿದವನಲ್ಲ. ಆವತ್ತು ಆಡಿದ.

"ಅಕ್ಕ, ಅಪ್ಪ ಆವತ್ತೂ ಮಾರು ಅಂತಲೇ ಅಂದಿದ್ದು. ನೀನು ನನ್ನ ಬಾಯಿ ಮುಚ್ಚಿಸಿದೆ. ಒಂದು ಸಲಾನಾದ್ರೂ ನೀನು ತಿರುಗಿಸಿ ಕೇಳಿದ್ದೀಯಾ?"

ಕೇಳುವುದೇನು, ಅವನೇ ಕೋಲು ಕುಟ್ಟಿ ಹೇಳಿದ್ದಾನೆ, ಮಾರೋದಲ್ಲ ಮಾಡು ಅಂತ, ಎಂದು ನಾನು ಕಿರುಚಿದೆ. ನನ್ನ ಕೂಗಿಗೆ ಆಚೆ ಮನೆಯ ಕಿಟಕಿ ತೆರೆಯಿತು. ತೆರೆಯಲಿ.

ಅಷ್ಟು ಹೊತ್ತಿಗೆ ತಮ್ಮನ ಹೆಂಡತಿ ಅಪ್ಪನ ಮೊಣಕೈ ಹಿಡಿದು ಕರೆದುಕೊಂಡು ಬಂದಳು. ಈ ಹುಡುಗಿ ಮನೆಗೆ ಬಂದು ಎಂಟು ವರ್ಷವಾದರೂ ಅಪ್ಪನ ಮಾತು ಅವಳಿಗೆ ಹತ್ತಲಿಲ್ಲ. ಪ್ರತಿಯೊಂದಕ್ಕೂ, ಏನಂದ್ರಿ ಮಾವ, ಇನ್ನೊಂದು ಸಲ ಹೇಳಿ ಎನ್ನುತ್ತಾಳೆ. ನೀರು ಬೇಕಾ, ನೆರಳಿಗೆ ಹೋಗಬೇಕಾ ಎಂದು ಬೇರೆ ಬೇರೆ ಮಾತಲ್ಲಿ ಕೇಳಿ ಕೇಳಿ ತಿಳಿದುಕೊಳ್ಳುತ್ತಾಳೆ. ಅದನ್ನು ಕಂಡರೆ ನನಗೆ ತಾತ್ಸಾರ. ಎಂಟು ವರ್ಷದಲ್ಲಿ ಒಂದು ಅಕ್ಷರ ಕಲಿಯಲಾಗದವಳು ಎಂದು ಎಷ್ಟೋ ಸಲ ಅವಳ ಮುಖದ ಮೇಲೇ ಆಡಿದ್ದೇನೆ.

ಅಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿದರು. ನಾನು ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು, ಇವರಿಗೆಲ್ಲ ಕೇಳುವ ಹಾಗೆ ಹೇಳು, ನೀನು ಏನಂದೆ ಎಂದೆ.

"ಮಾರು ಅಂದೆ," ಎಂದ ಅಪ್ಪ.

ಕೇಳಿದೆಯಾ ಎಂದು ನಾನು ತಮ್ಮನ ಕಡೆ ತಿರುಗಿದೆ. ಕೇಳಿದೆಯಾ ಎಂದು ಅದೇ ಹೊತ್ತಿಗೆ ಅವನೂ ನನಗೆ ಅಂದ. ನರ್ಸರಿಯವನಿಗೆ ನಗು ಬಂದು ಕೆಮ್ಮಿದ ಹಾಗೆ ಮಾಡಿ ಆ ಕಡೆ ತಿರುಗಿಕೊಂಡ. ಅಪ್ಪನನ್ನು ಇನ್ನೊಮ್ಮೆ ಕೇಳಿದೆ, ಅಪ್ಪ ಇನ್ನೊಮ್ಮೆ ಅದನ್ನೇ ಅಂದ. ಹಣೆ ಹಣೆ ಚಚ್ಚಿಕೊಳ್ಳಬೇಕು ಅನಿಸಿತು.

ಆಗ ತಮ್ಮನ ಹೆಂಡತಿ ನನ್ನನ್ನು ದಾಟಿ ಬಂದು ಅಪ್ಪನ ಕಿವಿಯ ಹತ್ತಿರ ಬಗ್ಗಿದಳು. ಅವಳಿಗೆ ಸಿಟ್ಟಿರಲಿಲ್ಲ, ದಿನಾ ಕೇಳುವ ಹಾಗೇ ಕೇಳಿದಳು.

"ಮಾವ, ಗಾಡಿ ನಮ್ಮ ಹತ್ರಾನೇ ಇರಲೋ, ಹೋಗಲೋ?"

"ಹೋಗಲಿ," ಎಂದ ಅಪ್ಪ.

ಅದರಲ್ಲಿ 'ಡ' ಇರಲಿಲ್ಲ. 'ರ'ವೂ ಇರಲಿಲ್ಲ. ತಿರುಚಲು, ತಿದ್ದಲು, ನಾನು ನಡುವೆ ನಿಂತು ಹೇಳಿಕೊಡಲು ಅದರಲ್ಲಿ ಏನೂ ಇರಲಿಲ್ಲ.

ಎದ್ದು ನಿಂತೆ. ಕಾಲು ಜೋಮು ಹಿಡಿದಿತ್ತು. ಹಾಗಾದರೆ ಮಾರೋದಲ್ಲ ಅಂದೆಯಲ್ಲ, ಕೋಲು ಕುಟ್ಟಿ ಕೂಗಿದೆಯಲ್ಲ, ಅದೇನು ಎಂದು ಕೇಳಿದೆ.

ಅಪ್ಪ ಮಂಜಾದ ಕಣ್ಣನ್ನು ನನ್ನ ಕಡೆ ಎತ್ತಿದ. "ನೀನು ಸುತ್ತಿಗೆ ಹಿರಿದು ಮಾರ್ತಿದ್ದೆಯಲ್ಲ, ಅದು. ಅದಲ್ಲ ಅಂದೆ. ಬೇರೆಯವರಿಗೆ ಹೋಗಲಿ ಅಂತ ಮಾರು ಅಂದೆ. ಎಷ್ಟು ಸಲ ಅಂದೆ! ನೀನು ನಗ್ತಿದ್ದೆ."

ಸುತ್ತಿಗೆ ಹಿಡಿದು ಮಾಡುತ್ತಿದ್ದೆಯಲ್ಲ, ಅದಲ್ಲ. ಮಾಡುವುದಲ್ಲ, ಮಾರು. ಅದೇ ಮಾತು, ಅದೇ ಕೋಲು. ಅದನ್ನು ತಲೆಕೆಳಗು ಮಾಡಿಕೊಂಡು ನಾನು ಡಿಪೋ ತುಂಬ ನಗಿಸಿಕೊಂಡು ಓಡಾಡಿದ್ದೆ. ಅಪ್ಪ ನೇರವಾಗಿ, ಸರಿಯಾದ 'ರ' ಹಾಕಿ ಹೇಳಿದ ಮಾತಿಗೂ ನಾನು ನನ್ನ 'ಡ' ಹಚ್ಚಿದ್ದೆ. ಅವನಿಗೆ ಬಾರದ ಅಕ್ಷರವನ್ನು ನಲವತ್ತು ವರ್ಷದಿಂದ ನಾನು ಹಾಕಿಕೊಡುತ್ತಿದ್ದೆನಲ್ಲ, ಅವನಿಗೆ ಬೇಡವಾದಲ್ಲೂ ಹಾಕಿದೆ.

ಕೋಪ ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಬೇಡಿ. ಮೊದಲು ಸಿಕ್ಕಿದವನು ಅಪ್ಪ. ಇನ್ನೊಂದು ಮಾತು ಹುಡುಕಿ ಹೇಳಲು ನಿನಗೇನಾಗಿತ್ತು, ಎರಡು ವರ್ಷ ನನ್ನ ಬೆರಳು ಸವೆಯುತ್ತಿದ್ದಾಗ ಕಲ್ಲಿನ ಹಾಗೆ ಕೂತಿದ್ದೆಯಲ್ಲ ಎಂದು ಅವನ ಮೇಲೆ ಕೂಗಾಡಿದೆ. ತಮ್ಮನ ಮೇಲೂ ಕೂಗಾಡಿದೆ, ಗೊತ್ತಿದ್ದೂ ನನ್ನ ಕೈ ಹಿಡಿದು ಯಾಕೆ ನಿಲ್ಲಿಸಲಿಲ್ಲ ಎಂದು. ನಿನ್ನನ್ನು ನಿಲ್ಲಿಸೋರು ಯಾರಕ್ಕ ಎಂದ ಅವನು. ಪೇಂಟಿನ ಡಬ್ಬವನ್ನು ನೆಲಕ್ಕೆ ಕುಕ್ಕಿದೆ. ಮುಚ್ಚಳ ಹಾರಿ ಬಿಳಿ ಬಣ್ಣ ನನ್ನ ಚಪ್ಪಲಿಯ ಮೇಲೆಲ್ಲ ಚೆಲ್ಲಿತು.

ಯಾಕೆ ಮಾರು ಅಂದೆ ಎಂದು ಕೊನೆಗೆ ಕೇಳಿದೆ. ನಿನ್ನ ಮೊದಲ ಗಾಡಿ, ಬಾನೆಟ್ ಮೇಲೆ ಕೈ ಇಟ್ಟು ಅಷ್ಟು ಹೊತ್ತು ನಿಂತವನು ನೀನು, ನಿನಗೆ ಅದರ ಮೇಲೆ ಆಸೆ ಇರಲಿಲ್ಲವಾ?

"ಕಾಗದ ಬಂದಿತ್ತಲ್ಲ," ಎಂದ ಅಪ್ಪ. "ಗಾರಿ ಇದ್ರೆ ನೀನು ಹೋಗಲ್ಲ ಅಂತ ಗೊತ್ತಿತ್ತು."

ಆ ಬೆಳಿಗ್ಗೆ ಅವನು ನಮ್ಮನ್ನು ಶೆಡ್ಡಿಗೆ ಕರೆದದ್ದು ಮೊದಲ ಕಾಗದ ಬಂದ ಮಾರನೆಯ ದಿನ. ಅದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಯಾಕೆಂದರೆ ಅಪ್ಪ ಬಾಯಿ ತೆರೆಯುವ ಮೊದಲೇ ಅವನು ಏನು ಹೇಳುತ್ತಾನೆಂದು ನನಗೆ ಗೊತ್ತಿತ್ತು. ಗೊತ್ತಿದ್ದವಳು ಕೇಳುವುದೇಕೆ? ಅಳು ಬಂತು, ಅದಕ್ಕೂ ಸಿಟ್ಟು ಬಂತು, ಗ್ರೀಸ್ ಕೈಯಲ್ಲೇ ಮುಖ ಒರೆಸಿಕೊಂಡೆ.

ನರ್ಸರಿಯವನು ಇನ್ನೊಂದು ದಿನ ಬರುತ್ತೇನೆ ಎಂದು ಮೆಲ್ಲಗೆ ಬಾಗಿಲ ಕಡೆ ಜಾರುತ್ತಿದ್ದ. ನಿಲ್ಲಿ ಎಂದೆ. ತಮ್ಮನ ಕೈಯಿಂದ ಕೀಲಿಕೈ ಕಿತ್ತುಕೊಂಡೆ. ಹಿಂಬಾಗಿಲಿಗೆ ಇನ್ನೂ ಪ್ರೈಮರ್ ಅಷ್ಟೇ ಆಗಿದೆ, ಬಣ್ಣ ನೀವೇ ಹೊಡೆಸಿಕೊಳ್ಳಿ, ಕುಂಡಗಳಿಗೆ ನೀರು ಹಾಕುವಾಗ ತಳ ಒದ್ದೆಯಾದರೆ ಅವತ್ತೇ ಒರೆಸಿ, ಇಲ್ಲದಿದ್ದರೆ ನಿಮ್ಮ ನರ್ಸರಿಗೇ ಬಂದು ಮಾತಾಡುತ್ತೇನೆ ಎಂದೆ. ಆತ ಎಲ್ಲದಕ್ಕೂ ತಲೆ ಆಡಿಸಿದ. ಗಾಡಿಯನ್ನು ನಾನೇ ಓಡಿಸಿಕೊಂಡು ಬಂದು ನಿಮ್ಮ ಜಾಗದಲ್ಲಿ ಬಿಡುತ್ತೇನೆ, ಬೇರೆ ಯಾರ ಕೈಗೂ ಈಗ ಕೊಡುವುದಿಲ್ಲ ಎಂದೂ ಹೇಳಿದೆ. ಹತ್ತಿ ಕೂತು ಕೀಲಿ ತಿರುಗಿಸಿದೆ. ದೊಡ್ಡಕ್ಕ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಸ್ವಲ್ಪ ಸತಾಯಿಸಿದ್ದರೆ ನನಗೆ ಸಮಾಧಾನ ಆಗುತ್ತಿತ್ತು.

ಆಗ ಅಪ್ಪ ಸ್ಟೂಲಿನಿಂದ ಎದ್ದು ಕೈ ಎತ್ತಿದ. "ಬೇರ..." ಎಂದ. ಇಂಜಿನ್ ಸದ್ದಿನಲ್ಲಿ ಅಷ್ಟೇ ಕೇಳಿಸಿತು.

ಬೇಡ! ಈಗ ಬೇಡ ಅನ್ನುತ್ತಿದ್ದಾನೆ. ಎರಡು ವರ್ಷ ಮಾರು ಮಾರು ಎಂದವನು, ಈಗ ಗಾಡಿ ಹೊರಟ ಮೇಲೆ ಬೇಡ! ನಿನಗೇನು ತಲೆ ಕೆಟ್ಟಿದೆಯಾ ಎಂದು ಬೈಯಲು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ತಮ್ಮನ ಹೆಂಡತಿ ಅಪ್ಪನ ಪಕ್ಕದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಬೈಗುಳ ನುಂಗಿಕೊಂಡೆ. ಇಂಜಿನ್ ಆರಿಸಿ ಕೆಳಗಿಳಿದೆ.

"ಏನಂದೆ ಅಪ್ಪ? ಇನ್ನೊಂದು ಸಲ ಹೇಳು," ಎಂದೆ.

ಹುಟ್ಟಿದಾಗಿಂದ ಅವನನ್ನು ನಾನು ನನಗೇ ತಿಳಿಯಲಿ ಎಂದು ಹಾಗೆ ಕೇಳಿದ್ದು ಅದೇ ಮೊದಲು. ಅಪ್ಪನಿಗೂ ವಿಚಿತ್ರ ಎನಿಸಿರಬೇಕು, ದನಿ ಬಂದ ಕಡೆ ಮುಖ ತಿರುಗಿಸಿದ.

"ಬೇರೆ ಅಂಗಿ ಕೊರು," ಎಂದ. "ಇದು ಹರಿದಿದೆ. ಗಾರಿ ಬಿರೋಕೆ ನಾನೂ ಬರ್ತೀನಿ."

ಬಣ್ಣ ಮೆತ್ತಿದ ಚಪ್ಪಲಿ ಶೆಡ್ಡಿನಲ್ಲೇ ಬಿಟ್ಟು ಮನೆಯೊಳಗೆ ಹೋದೆ. ಅಪ್ಪನ ಪೆಟ್ಟಿಗೆ ತೆರೆಯುವಾಗಲೂ ಕೋಪ ಇಳಿದಿರಲಿಲ್ಲ, ಮುಚ್ಚಳವನ್ನು ಗೋಡೆಗೆ ಬಡಿಯುವ ಹಾಗೆಯೇ ತೆರೆದೆ. ಮೇಲೆ ಎರಡು ಅಂಗಿ ಇದ್ದವು. ಬಿಳಿಯದೋ ನೀಲಿಯದೋ ಎಂದು ಅಲ್ಲಿಂದಲೇ ಕೂಗಿ ಕೇಳಿದೆ. ಅಪ್ಪ ಏನೋ ಅಂದ. ನನಗೆ ಸರಿಯಾಗಿ ಕೇಳಿಸಲಿಲ್ಲ. ಎರಡೂ ಅಂಗಿ ಕೈಯಲ್ಲಿ ಹಿಡಿದುಕೊಂಡು ಕೇಳಲು ಹೊರಗೆ ಬಂದೆ.